ತೆಂಗಿನಕಾಯಿ ರಾಶಿಯ ಮೇಲೆ ಕೂತ ಲಕ್ಷ್ಮಿ

ಡ್ರಾಯಿಂಗ್ ಮೇಷ್ಟ್ರು ವೆಂಕಟರಂಗಯ್ಯನವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಕ್ಕಳ ಮೇಲೆ ಮಾತ್ರ ಕೈ ಎತ್ತಿದವರಲ್ಲ, ಅದಕ್ಕೇ ಇರಬೇಕು, ಆ ಕೋಪವೆಲ್ಲ ಹೆಡ್‌ಮಾಸ್ಟರ ಮೇಲೆ, ಬಸ್ಸಿನ ಕಂಡಕ್ಟರನ ಮೇಲೆ, ಮಸಿ ಕುಡಿಯುವ ಅಗ್ಗದ ಕಾಗದದ ಮೇಲೆ ಹೋಗಿ ಬೀಳುತ್ತಿತ್ತು. ಹುಟ್ಟೂರು ಗೂಳೂರು. ಅಪ್ಪ ಮಣ್ಣಿನ ಗಣಪತಿಗಳಿಗೆ ಬಣ್ಣ ಹಾಕಿ ಸಂಸಾರ ತೂಗಿಸಿದವರು. ಮಗ ಓದಿ ತುಮಕೂರಿನ ಒಂದು ಮಿಡ್ಲ್‌ಸ್ಕೂಲಿಗೆ ಮೇಷ್ಟ್ರಾಗಿ ಬಂದು, ಮೂವತ್ತು ವರ್ಷ ಬೋರ್ಡಿನ ಮೇಲೆ ಹೂಜಿ, ಮಾವಿನಕಾಯಿ, ದಾಸವಾಳ ಬರೆದರು. ಡ್ರಾಯಿಂಗ್ ಪೀರಿಯಡ್ಡು ಅಂದರೆ ಹೆಡ್‌ಮಾಸ್ಟರ ಲೆಕ್ಕದಲ್ಲಿ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಐವತ್ತೇಳನೇ ಇಸವಿಯ ಬೇಸಗೆ ರಜಕ್ಕೆ ಆ ಉಪ್ಪಿನಕಾಯಿಗೂ ಒಂದು ಕಾಲ ಬಂತು. ಕುಣಿಗಲ್ಲಿನಲ್ಲಿ ಹೊಸದಾಗಿ ಹೆರಿಗೆ ಮನೆ ಏಳುತ್ತಿತ್ತು. ಗೋಡೆ, ಮಂಚ ಎಲ್ಲ ಆಗಿತ್ತು, ತೊಟ್ಟಿಲಿಗೆ ಊರವರು ಸಹಾಯ ಮಾಡಬೇಕು ಅಂತ ಸುದ್ದಿ. ಮೇಷ್ಟ್ರು ಹೋಗಿ ಹೆಡ್‌ಮಾಸ್ಟರ ಮುಂದೆ ನಿಂತರು. ಮಕ್ಕಳ ಕೈಲಿ ಚಿತ್ರ ಬರೆಸೋಣ, ಮಾರೋಣ, ಬಂದದ್ದರಲ್ಲಿ ತೊಟ್ಟಿಲು ಕೊಡಿಸೋಣ ಅಂದರು. ಮಕ್ಕಳ ಗೀಚನ್ನ ಯಾರ್ರೀ ದುಡ್ಡು ಕೊಟ್ಟು ಕೊಳ್ತಾರೆ ಅಂತ ಹೆಡ್‌ಮಾಸ್ಟರು ನಕ್ಕರು. ನಕ್ಕದ್ದೇ ತಪ್ಪಾಯಿತು. ಮೇಷ್ಟ್ರಿಗೆ ಹಟ ಬಂತು, ಮಾರನೆಯ ದಿನದಿಂದಲೇ ಶಿಬಿರ ಶುರುವಾಯಿತು.

ಶಿಬಿರದಲ್ಲಿ ಇದ್ದದ್ದು ಒಂದೇ ಕಟ್ಟುಪಾಡು, ಅದೂ ಗೂಳೂರಿನ ಅಪ್ಪನದು. ಕಣ್ಣು ಬಿಟ್ಟ ದೇವರನ್ನು ಮಾರಬಾರದು. ವಿಗ್ರಹ ಯಾವ ಮನೆ ಸೇರುತ್ತದೋ ಅಲ್ಲಿಗೇ ಹೋಗಿ ಕಣ್ಣು ಬರೆಯಬೇಕು, ಬಣ್ಣ ಹಾಕಿದ ಕೈಯೇ ಬರೆಯಬೇಕು. ಅಪ್ಪ ಇದನ್ನು ಗಣಪತಿಗೆ ಮಾತ್ರ ಹೇಳಿದ್ದರು. ಮಗನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಗಿಳಿಗೂ ಕಣ್ಣಿಡಬೇಡಿ, ಹಸುವಿಗೂ ಇಡಬೇಡಿ, ಬಸ್ಸಿನ ಡ್ರೈವರಿಗೂ ಇಡಬೇಡಿ ಅಂದುಬಿಟ್ಟರು. ಹೀಗಾಗಿ ಶಾಲೆಯ ವರಾಂಡದಲ್ಲಿ ಚಿತ್ರ ತೂಗುಹಾಕಿದ ದಿನ ಬಂದವರೆಲ್ಲ ಕಂಡದ್ದು ಕುರುಡು ಪ್ರಪಂಚವನ್ನು.

ಆದರೆ ಜನ ಮುಗಿಬಿದ್ದರು. ಕೊಂಡವರ ಮನೆಗೆ ಮಗುವೇ ಬಂದು ಕಣ್ಣು ಬರೆದುಕೊಡುತ್ತದೆ ಅನ್ನುವುದು ಅವರಿಗೆ ಖುಷಿ ಕೊಟ್ಟಿತು. ಜೂನ್ ಪೂರ್ತಿ ಮೇಷ್ಟ್ರು ಒಂದೊಂದು ಮಗುವನ್ನು ಕರೆದುಕೊಂಡು ಮನೆಮನೆ ಸುತ್ತಿದರು. ಮಗು ಕಣ್ಣಿಡುವುದು, ಮನೆಯವರು ಚಕ್ಕುಲಿ ಕೊಡುವುದು, ಮಗು ಆ ಮನೆಯ ಮಕ್ಕಳ ಜೊತೆ ಆಟಕ್ಕೆ ನಿಲ್ಲುವುದು, ಮೇಷ್ಟ್ರು ಕಾಫಿ ಕುಡಿದು ಕಾಯುವುದು. ಅಷ್ಟು ನೆಮ್ಮದಿಯ ತಿಂಗಳನ್ನು ತಾನು ಕಂಡಿಲ್ಲ ಅಂತ ಅವರಿಗೇ ಅನ್ನಿಸಿತ್ತು. ಅಲ್ಲಿಂದ ಮುಂದೆ ರಿಟೈರ್ ಆಗುವ ತನಕ ಪ್ರತಿ ಬೇಸಗೆ ಶಿಬಿರ ನಡೆಸಿದರು. ಜನ ನೆನೆಸಿಕೊಂಡು ಕೇಳುತ್ತಿದ್ದದ್ದು ಮಾತ್ರ ಮೊದಲ ವರ್ಷದ ಲಕ್ಷ್ಮಿಯನ್ನು. ಅವರು ಬಾಯಿ ಬಿಡುತ್ತಿರಲಿಲ್ಲ.

ಆ ಲಕ್ಷ್ಮಿಯನ್ನು ಬರೆದವಳು ಏಳನೇ ಕ್ಲಾಸಿನ ಕೊಲ್ಲಾಪುರಮ್ಮ. ಅಪ್ಪ ಓಬಳಯ್ಯ ಮಂಡಿಪೇಟೆಯಲ್ಲಿ ಕಸ ಗುಡಿಸುತ್ತಿದ್ದ. ಎಲ್ಲರ ಲಕ್ಷ್ಮಿ ತಾವರೆಯ ಮೇಲೆ ಕೂತರೆ ಇವಳ ಲಕ್ಷ್ಮಿ ತೆಂಗಿನಕಾಯಿ ರಾಶಿಯ ಮೇಲೆ ಕೂತಿದ್ದಳು.

"ತಾವರೆ ಎಲ್ಲಮ್ಮಾ?" ಅಂತ ಮೇಷ್ಟ್ರು ಕೇಳಿದ್ದರು.

"ತಾವರೆ ಮ್ಯಾಲೆ ಕೂತ್ರೆ ಮುಳುಗೋಗಲ್ವಾ ಸಾ? ಕಾಯಿ ರಾಶಿ ಗಟ್ಟಿ ಇರ್ತದೆ."

ಆ ರಾಶಿಯ ಒಂದೊಂದು ಕಾಯಿಗೂ ಜುಟ್ಟು ಬರೆದಿದ್ದಳು. ಮೇಷ್ಟ್ರು ತಿದ್ದಲು ಎತ್ತಿದ ಕುಂಚವನ್ನು ಹಾಗೇ ಕೆಳಗಿಟ್ಟರು. ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಅವರು ತಿದ್ದದೆ ಬಿಟ್ಟ ಚಿತ್ರ ಅದೊಂದೇ.

ಗುಬ್ಬಿಯ ತೆಂಗಿನಕಾಯಿ ಮಂಡಿಯ ಸಾಹುಕಾರ ಶಿವರಾಮಯ್ಯನವರು ಆ ಚಿತ್ರದ ಮುಂದೆ ನಿಂತವರು ಕದಲಲಿಲ್ಲ. ನಮ್ಮನೆ ಲಕ್ಷ್ಮಿ ಇವಳೇ ಕಣ್ರೀ ಅಂದರು. ಆರು ತೊಟ್ಟಿಲಿನ ದುಡ್ಡು ಕೊಡುತ್ತೇನೆ, ಕಣ್ಣು ಬಿಡಿಸಿದ ದಿನವೇ ಕೈಗೆ ಕೊಡುತ್ತೇನೆ ಅಂತ ಮಾತು ಕೊಟ್ಟು ಚಿತ್ರ ಒಯ್ದರು. ಅವರ ತಾಯಿ ಪುಟ್ಟಗಂಗಮ್ಮನವರು ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಶುಕ್ರವಾರ ಕಣ್ಣು ಬರೆಸಬೇಕು ಅಂದರಂತೆ. ಕೊಲ್ಲಾಪುರಮ್ಮ ಎರಡು ತಿಂಗಳು ಕಾದಳು. ದಾರಿಯಲ್ಲಿ ಮೇಷ್ಟ್ರು ಸಿಕ್ಕಾಗಲೆಲ್ಲ, "ಸಾ, ನಮ್ ಲಕ್ಷ್ಮಿ ಇನ್ನೂ ಕಣ್ ಮುಚ್ಕೊಂಡೇ ಅವ್ಳಾ?" ಅಂತ ಕೇಳುತ್ತಿದ್ದಳು. ಅವಳಿಗೆ ಬೇಕಾದದ್ದು ಅದೊಂದೇ, ತನ್ನ ಕೈಯಿಂದ ಆ ಲಕ್ಷ್ಮಿ ಕಣ್ಣು ಬಿಡಬೇಕು.

ಆ ಶುಕ್ರವಾರ ಇಬ್ಬರೂ ಬಸ್ಸಿನಲ್ಲಿ ಗುಬ್ಬಿಗೆ ಹೋದರು. ಹುಡುಗಿ ಒಗೆದ ಲಂಗ ಹಾಕಿ, ತಲೆಗೆ ಎಣ್ಣೆ ಹಚ್ಚಿ, ದೀಪದ ಮಸಿಗೆ ಗೋಂದು ಕಲಸಿದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಶಿವರಾಮಯ್ಯನವರು ನಗುನಗುತ್ತಾ ಬಾಗಿಲಿಗೆ ಬಂದರು.

"ಬಾ ತಾಯಿ, ಬಾ. ಯಾರ ಮಗಳು ನೀನು?"

"ಓಬಳಯ್ಯನ ಮಗಳು. ಮಂಡಿಪ್ಯಾಟೇಲಿ ಕಸ ಗುಡಿಸ್ತಾನಲ್ಲ, ಅವ್ನ ಮಗಳು."

ಶಿವರಾಮಯ್ಯನವರ ನಗು ಅಲ್ಲಿಗೇ ನಿಂತಿತು. ಹುಡುಗಿ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ತಾನೇ ಕೆಳಗೆ ತೆಗೆದುಕೊಂಡಳು. ಯಾರೂ ಹೇಳಿರಲಿಲ್ಲ.

ಒಳಗಿನಿಂದ ಪುಟ್ಟಗಂಗಮ್ಮನವರು ಬಂದರು. ಕೆಟ್ಟ ಹೆಂಗಸಲ್ಲ, ಮಾತು ಬೆಣ್ಣೆಯ ಹಾಗೆ. "ಮೇಷ್ಟ್ರಪ್ಪಾ, ಅದಕ್ಕೇನಂತೆ, ನೀವೇ ಒಳಗ್ ಬಂದು ಎರಡು ಚುಕ್ಕಿ ಇಟ್ಬುಡಿ. ಮಗಾ ಇಲ್ಲೇ ಕೂತಿರ್ಲಿ, ಹೋಗೋವಾಗ ಹೋಳಿಗೆ ಕಟ್ಟಿಕೊಡ್ತೀನಿ."

"ಬರೆದ ಕೈ ನಂದಲ್ಲಮ್ಮ," ಅಂದರು ಮೇಷ್ಟ್ರು.

"ಯಾರು ನೋಡ್ತಾರೆ ಬುಡಿ."

"ಲಕ್ಷ್ಮಿ ನೋಡ್ತಾಳೆ. ಆಗಲ್ಲ ಅಂದ್ರೆ ಚಿತ್ರ ವಾಪಸ್ ಕೊಡಿ, ನಿಮ್ ದುಡ್ಡೂ ಬೇಡ."

ಮೇಷ್ಟ್ರು ಇಲ್ಲಿ ಸುಧಾರಕರಾಗಿ ಮಾತಾಡಿದರು ಅಂತ ಯಾರಾದರೂ ತಿಳಿದುಕೊಂಡರೆ ತಪ್ಪು. ಅವರ ತಲೆಯಲ್ಲಿದ್ದದ್ದು ಅಪ್ಪನ ಕಟ್ಟುಪಾಡು, ಅಷ್ಟೇ. ಅದು ಮುರಿದರೆ ಜೂನ್ ತಿಂಗಳೆಲ್ಲ ಸುತ್ತಿದ್ದು ಸುಳ್ಳಾಗುತ್ತದೆ ಅನ್ನುವ ಮೊಂಡುತನ.

ಶಿವರಾಮಯ್ಯನವರು ವ್ಯಾಪಾರಸ್ಥರು. ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಆಗುವ ದಾರಿ ಹುಡುಕುವುದು ಅವರಿಗೆ ರೂಢಿ. ಗಾಜಿನ ಕಟ್ಟು ಹಾಕಿಸದೆ ಹಲಗೆಗೆ ಅಂಟಿಸಿಟ್ಟಿದ್ದ ಚಿತ್ರವನ್ನು ಹೊರಗೆ ತಂದು ಜಗಲಿಯ ಅಂಚಿಗೆ ನಿಲ್ಲಿಸಿದರು. ಹುಡುಗಿ ಬೀದಿಯಲ್ಲೇ ನಿಂತು ಬರೆಯಲಿ ಅಂದರು. ಮೇಷ್ಟ್ರು ಒಪ್ಪಿದರು. ಬರೆದ ಕೈ ಬರೆಯುತ್ತದೆ, ಆರು ತೊಟ್ಟಿಲು ಬರುತ್ತದೆ, ಇನ್ನೇನು ಬೇಕು.

ಕೊಲ್ಲಾಪುರಮ್ಮ ಉಸಿರು ಹಿಡಿದು ಮೊದಲು ಬಲಗಣ್ಣು ಬರೆದಳು, ಆಮೇಲೆ ಎಡಗಣ್ಣು. ಲಕ್ಷ್ಮಿ ಕಣ್ಣು ಬಿಟ್ಟಳು. ಸಂತೆಗೆ ಬಂದವಳು ಗುರುತಿನವರನ್ನು ಕಂಡ ಹಾಗೆ ನೋಡುತ್ತಿದ್ದಳು. ಹುಡುಗಿ ಹಿಂದಕ್ಕೆ ಸರಿದು ನಕ್ಕಳು, ಶಿವರಾಮಯ್ಯನವರೂ ಕೈ ಮುಗಿದರು.

ಪುಟ್ಟಗಂಗಮ್ಮನವರ ಕೈಯಲ್ಲಿ ಅರಿಶಿನದ ನೀರಿನ ಚೊಂಬಿತ್ತು. ಆಕೆ ಯೋಚನೆ ಮಾಡಿ ಮಾಡಿದ್ದಲ್ಲ. ಅರವತ್ತು ವರ್ಷ ಆ ಕೈ ಮಾಡಿಕೊಂಡು ಬಂದದ್ದನ್ನೇ ಮಾಡಿತು. ಮಾವಿನೆಲೆ ಅದ್ದಿ, ಮೈಲಿಗೆ ಹೋಗಲಿ ಅಂತ ಚಿತ್ರದ ಮೇಲೆ ಎರಡು ಸಲ ಚಿಮುಕಿಸಿದರು.

ಹಸಿ ಮಸಿ, ನೀರಿನ ಬಣ್ಣ, ಅಗ್ಗದ ಕಾಗದ. ಎರಡೂ ಕಣ್ಣು ಕರಗಿ ಕೆನ್ನೆಯ ಮೇಲೆ ಕಪ್ಪಗೆ ಇಳಿದವು. ತೆಂಗಿನಕಾಯಿಗಳ ಜುಟ್ಟು ಒಂದಕ್ಕೊಂದು ಸೇರಿ ಕೆಸರಾಯಿತು. "ಅಯ್ಯೋ ನನ್ ತಾಯಿ," ಅಂತ ಮುದುಕಿ ಚೊಂಬು ಬಿಟ್ಟು ಅಲ್ಲೇ ಕೂತುಬಿಟ್ಟರು. ಶಿವರಾಮಯ್ಯನವರು ತಾಯಿಯನ್ನೂ ನೋಡಲಿಲ್ಲ, ಹುಡುಗಿಯನ್ನೂ ನೋಡಲಿಲ್ಲ. ಒಳಗೆ ಹೋಗಿ ಆಡಿದ ಮಾತಿನಂತೆ ಪೂರ್ತಿ ದುಡ್ಡು ತಂದು ಮೇಷ್ಟ್ರ ಕೈಗಿಟ್ಟರು. ಕುಣಿಗಲ್ಲಿನ ತೊಟ್ಟಿಲುಗಳು ಹೀಗೆ ಬಂದವು.

ಕೊಲ್ಲಾಪುರಮ್ಮ ಅಳಲಿಲ್ಲ. ಬಟ್ಟಲಿಗೆ ಬಟ್ಟೆ ಸುತ್ತಿಕೊಂಡಳು. ವಾಪಸ್ ಬಸ್ಸಿನಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ಕುದಿಯುತ್ತಿದ್ದರು. ಬಣ್ಣದ ಮೇಲೆ ನೀರು ಹಾಕ್ತಾರಾ ಯಾರಾದ್ರೂ, ವಯಸ್ಸಾದರೆ ಬುದ್ಧಿ ಬೇಡ್ವಾ, ಇಂಥವರ ಮನೆಗೆ ಲಕ್ಷ್ಮಿ ಹೇಗೆ ಬರ್ತಾಳೆ ಅಂತ ಗೊಣಗಿದರು. ಹುಡುಗಿ ಕಿಟಕಿಯ ಕಡೆಯಿಂದ ಮುಖ ತಿರುಗಿಸಿದಳು.

"ಸಾ, ಅಜ್ಜಿ ನೀರಾಕಿದ್ದು ಲಕ್ಷ್ಮಿಗಲ್ಲ ಅಲ್ವಾ? ನಾನ್ ಮುಟ್ಟಿದ್ದಕ್ಕೆ ತಾನೇ?"

ಮೇಷ್ಟ್ರ ಗೊಣಗಾಟ ನಿಂತಿತು. ತುಮಕೂರು ಬರುವ ತನಕ ಅವರು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು.

ಮನೆಯಲ್ಲಿ ಹೆಂಡತಿ ಲಕ್ಷ್ಮೀದೇವಮ್ಮ ಬಚ್ಚಲಿನಲ್ಲಿ ಬಿಸಿನೀರು ತೋಡಿಟ್ಟು ಪಂಚೆ ನೇತುಹಾಕಿದ್ದರು. ಆ ಹುಡುಗಿ ಶಿಬಿರಕ್ಕೆ ಸೇರಿದ ದಿನದಿಂದ ನಡೆದು ಬಂದದ್ದು ಇದು. ಶಿಬಿರ ಮುಗಿಸಿ ಬರುವುದು, ಹಿಂಬಾಗಿಲಿನಿಂದ ಬಚ್ಚಲಿಗೆ ಹೋಗುವುದು, ತಲೆಗೆ ನೀರು ಸುರಿದುಕೊಂಡು ಆಮೇಲೆ ನಡುಮನೆಗೆ ಕಾಲಿಡುವುದು. ಗಂಡ ಹೇಳಿಯೂ ಇರಲಿಲ್ಲ, ಹೆಂಡತಿ ಕೇಳಿಯೂ ಇರಲಿಲ್ಲ. ಇವತ್ತು ಮೇಷ್ಟ್ರು ಮುಂಬಾಗಿಲಿನಿಂದಲೇ ಒಳಗೆ ಬಂದರು.

"ನೀರು ತೋಡಿದೀನಿ," ಅಂದರು ಲಕ್ಷ್ಮೀದೇವಮ್ಮ.

"ಬೇಡ."

"ಯಾಕೆ, ಆ ಹುಡ್ಗಿ ಬರ್ಲಿಲ್ವಾ?"

ಮೇಷ್ಟ್ರು ಮಣೆ ಎಳೆದುಕೊಂಡು ಕೂತರು.

"ಬಂದಿದ್ಲು," ಅಂದರು. "ಪಕ್ಕದಲ್ಲೇ ಕೂತಿದ್ಲು. ತಟ್ಟೆ ಹಾಕು."