ಸೇಬಿನ ಗಿಡ ಹೂ ಬಿಟ್ಟ ದಿನ

ಆಡಿದ ಮಾತನ್ನು ಗಾದಿಲಿಂಗಪ್ಪ ಹಿಂದಕ್ಕೆ ತೆಗೆದುಕೊಂಡದ್ದನ್ನು ಹೊಸಪೇಟೆಯಲ್ಲಿ ಯಾರೂ ಕಂಡಿಲ್ಲ. ಡ್ಯಾಮಿನ ಕ್ವಾರ್ಟರ್ಸಿನ ಮಾಲಿ ಅವನು. ಹಟಕ್ಕೆ ಬಿದ್ದರೆ ಸಾಹೇಬರನ್ನೂ ಲೆಕ್ಕಕ್ಕಿಡುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ಪಂಪಮ್ಮನನ್ನು ಅಂಗೈಯಲ್ಲಿಟ್ಟು ಸಾಕಿದ. ಆ ಹಟವೇ ಕೊನೆಗೆ ಅವನ ಹೊಟ್ಟೆಗೆ ಬೆಂಕಿಯಿಟ್ಟಿತು.

ಸೇಬಿನ ಗಿಡ ಬಂದದ್ದು ಎಪ್ಪತ್ತೊಂದರಲ್ಲಿ. ಸಿಮ್ಲಾ ಕಡೆಯ ಇಂಜಿನಿಯರಮ್ಮ ಒಬ್ಬರು, ಗಂಡನಿಗೆ ವರ್ಗವಾದಾಗ, ಎಣ್ಣೆ ಡಬ್ಬಿಯಲ್ಲಿದ್ದ ಗಿಡ್ಡ ಗಿಡವನ್ನು ಅವನ ಕೈಗಿಟ್ಟರು. ತಿನ್ನುವ ಸೇಬಲ್ಲ, ಗೋಲಿಯಷ್ಟು ಕಾಯಿ. ಅಂದಕ್ಕೆಂದೇ ಬೆಳೆಸುವ ಜಾತಿ. ಚಳಿಯಿಲ್ಲದೆ ಇದು ಹೂ ಬಿಡುವುದಿಲ್ಲ ಎಂದು ಹೇಳಿಯೇ ಹೋದರು. ಹೊಸಪೇಟೆಯಲ್ಲಿ ಚಳಿಯಂತೆ ಚಳಿ! ಪಂಪಮ್ಮ ಮಾತ್ರ ದಿನಾ ಬೆಳಗ್ಗೆ ಡಬ್ಬಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೊಗ್ಗು ಹುಡುಕುತ್ತಿದ್ದಳು.

ಮೂರು ವರ್ಷದ ಮೇಲೆ ಅವಳು ಕಂಪ್ಲಿಯ ಲಾರಿ ಡ್ರೈವರ್ ಜಂಬಯ್ಯನನ್ನು ಮದುವೆಯಾದಳು. ಹುಡುಗ ಬೇರೆ ಜಾತಿ. ಅಪ್ಪನ ಕಾಲಿಗೆ ಬೀಳಲು ಬಂದಳು.

"ಅಪ್ಪಾ, ಒಂದ್ಸಲ ನಮ್ಮ ಮನಿಗೆ ಬಾ."

"ಈ ಸೇಬು ಹೂ ಬಿಟ್ಟ ದಿನ ನಿನ್ನ ಬಾಗಿಲಿಗೆ ಬರ್ತೀನಿ. ಅಲ್ಲೀತನಕ ಈ ಕಡಿ ತಲಿ ಹಾಕಬ್ಯಾಡ."

ಸಾಯುವ ತನಕ ಬರುವುದಿಲ್ಲ ಎಂದೇ ಅದರ ಅರ್ಥ. ಗೇಟು ಕಾಯುವ ಹುಲುಗಪ್ಪನಿಗೂ ತಾಕೀತು ಮಾಡಿದ: "ಕಂಪ್ಲಿಯಿಂದ ಯಾರರ ಬರ್ಲಿ, ಏನರ ಸುದ್ದಿ ತರ್ಲಿ, ಅಲ್ಲಿಂದ ವಾಪಸ್ ಕಳಸು. ನನಗ ಹೇಳಾಕೂ ಬ್ಯಾಡ."

ಆರು ತಿಂಗಳಿಗೆ ಕೋಪ ಇಳಿಯಿತು. ಊಟಕ್ಕೆ ಕೂತಾಗ ಮಗಳ ಗಂಗಾಳವನ್ನೂ ತೊಳೆದು ಪಕ್ಕಕ್ಕಿಡುತ್ತಿದ್ದ. ಬಸ್ಸು ಹತ್ತಿದರೆ ಕಂಪ್ಲಿ ಎಷ್ಟು ಹೊತ್ತಿನ ದಾರಿ? ಹೋಗಬಹುದಿತ್ತಲ್ಲ ಮಹಾರಾಯ! ಆಡಿದ ಮಾತು ಅಡ್ಡ ನಿಂತಿತು. ಮಾತು ಮುರಿಯಲಾರದವನು ಗಿಡಕ್ಕೇ ಗಂಟುಬಿದ್ದ. ಐಸ್ ಫ್ಯಾಕ್ಟರಿಯಿಂದ ಮಂಜುಗಡ್ಡೆ ತಂದು ಗೋಣಿಚೀಲದಲ್ಲಿ ಸುತ್ತಿ ಬುಡಕ್ಕಿಟ್ಟ; ಬೇರು ಕೊಳೆತು ಗಿಡ ಸಾಯುವುದೊಂದು ಬಾಕಿ. ಅದನ್ನು ಉಳಿಸಿಕೊಳ್ಳುವುದರಲ್ಲೇ ಎರಡು ವರ್ಷ ಹೋಯಿತು. ಕಾಲುವೆ ನೀರಿಗೆ ಸುತ್ತಲ ಹೊಲವೆಲ್ಲ ತೆನೆ ತೂಗುತ್ತಿತ್ತು. ಈ ಡಬ್ಬಿಯಲ್ಲಿ ಬರೀ ಎಲೆ.

ಮಗಳ ಮದುವೆಯಾದ ಐದನೆಯ ವರ್ಷ ಮಲ್ಲಿಗೆ ತೋಟದವರು ಮಾಡುವುದು ನೆನಪಾಯಿತು. ಅವರು ನೀರು ನಿಲ್ಲಿಸಿ, ಎಲೆ ಸವರಿ, ಬಳ್ಳಿಯನ್ನು ಬಾಡಿಸಿ, ಆಮೇಲೆ ನೀರು ಬಿಡುತ್ತಾರೆ. ಬಳ್ಳಿ ಮೊಗ್ಗು ಕಟ್ಟುತ್ತದೆ. ಗಾದಿಲಿಂಗಪ್ಪ ಒಂದೊಂದೇ ಎಲೆ ಕಿತ್ತ. "ತಡ್ಕೊಳವ್ವ, ನಾಕ ದಿನ ತಡ್ಕೋ" ಎನ್ನುತ್ತ ಗುಟುಕು ನೀರಿನಲ್ಲಿ ಗಿಡವನ್ನು ಬೋಳಾಗಿ ನಿಲ್ಲಿಸಿ, ಆಮೇಲೆ ತುಂಬ ನೀರುಣಿಸಿದ. ಮಾಘದ ಒಂದು ಬೆಳಗ್ಗೆ ನೋಡುತ್ತಾನೆ, ಐದು ಹೂ! ಬಿಳಿ ಎಸಳು, ಅಂಚಿಗೆ ನಸುಗೆಂಪು. ಮುದುಕ ಅಲ್ಲೇ ಕೂತು ಗಳಗಳ ಅತ್ತುಬಿಟ್ಟ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಲಿ ಬಸ್ಸಿನಲ್ಲಿ ಕೂತ.

"ಯಜಮಾನ್ರ, ಗಿಡಕ್ಕೂ ಟಿಕೆಟ್ ತಗೋರಿ ಮತ್ತ," ಎಂದು ಕಂಡಕ್ಟರ್ ನಕ್ಕ.

"ಕೊಡಪ್ಪ ಕೊಡು, ಮಗಳ ಮನಿಗೆ ಹೊಂಟೀವಿ!"

ಬಾಗಿಲು ತೆರೆದವನು ಜಂಬಯ್ಯ. ಗಡ್ಡ ಬಿಟ್ಟಿದ್ದ. ಹೂವಿನ ಮೇಲೆ ಕಣ್ಣು ಬಿದ್ದದ್ದೇ ಒಂದು ಹೆಜ್ಜೆ ಹಿಂದೆ ಸರಿದ.

"ಪಂಪಿ ಎಲ್ಲಿ?"

"ದೀಪಾವಳಿ ಮುಂದ ಕಾಮಾಲೆ ಆಗಿ ಹೋಗಿಬಿಟ್ಳು, ಮಾವ. ಮಣ್ಣಿಗೆ ಕರಿಯಾಕ ನಾನ ಬಂದಿದ್ದೆ. ಗೇಟಿನ್ಯಾಗ ಒಳಗ ಬಿಡ್ಲಿಲ್ಲ."

"ಜಡ್ಡಾದಾಗರ ಹೇಳಿ ಕಳಸಬಾರದಾಗಿತ್ತೇನೋ?"

"ಆಕೀನ ಬ್ಯಾಡ ಅಂದ್ಳು. ಗಿಡ ಹೂ ಬಿಟ್ರ ಅಪ್ಪ ಬಂದ ಬರ್ತಾನ, ಅವನ ಮಾತು ಕೆಡಸಬ್ಯಾಡ ಅಂದ್ಳು. ಕಡೀಕ ಸೇಬಿನ ಹೂ ಯಾವ ಬಣ್ಣ ಇರ್ತೈತಿ ಅಂತ ಕೇಳ್ತಿದ್ಳು. ನನಗೇನ ಗೊತ್ತು, ಮಾವ?"

ಗಾದಿಲಿಂಗಪ್ಪ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಕೂತ. ಅವಳಿಗೆ ಬಣ್ಣವೇ ಗೊತ್ತಿರಲಿಲ್ಲ.

"ಯಾವುದಾರ ಒಂದು ಹೂವ ಟೊಂಗಿಗೆ ಕಟ್ಕೊಂಡು ಬಂದಿದ್ರೂ ನಂಬ್ತಿದ್ಳಲ್ಲೋ," ಎಂದು ಎದೆ ಬಡಿದುಕೊಂಡ. "ಸುಳ್ಳು ಹೇಳಿ ಬರಬೇಕಿತ್ತೋ ಜಂಬಯ್ಯ, ಸುಳ್ಳು ಹೇಳಿ ಬರಬೇಕಿತ್ತು!"