ಪುಟ್ಟತ್ತೆಯ ಹಡಗು ಮಾರಿದ್ದು

ಇವತ್ತು ಬೆಳಗ್ಗೆ ನಾಯಂಡಹಳ್ಳಿ ಮೆಟ್ರೊ ನಿಲ್ದಾಣದಿಂದ ಇಳಿದು ರಸ್ತೆ ದಾಟಿದೆನೋ ಇಲ್ಲವೋ, ಒಂದು ವರ್ಕ್‌ಶಾಪಿನ ಒಳಗಿಂದ ಹಸಿ ಬಣ್ಣ ಮತ್ತು ಡೀಸೆಲ್ ಬೆರೆತ ವಾಸನೆ ಬಂತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ನಿಂತು ಇನ್ನೊಮ್ಮೆ ಎಳೆದುಕೊಂಡೆ. ನಿಮಗೆ ಹುರಿದ ಕಾಫಿಬೀಜವೋ ಮೊದಲ ಮಳೆಯ ಮಣ್ಣೋ ಯಾರನ್ನಾದರೂ ನೆನಪಿಸಬಹುದು. ನನಗೆ ಈ ವಾಸನೆ ನನ್ನ ಸೋದರತ್ತೆಯನ್ನೂ ಅವಳ ಹಡಗನ್ನೂ ಒಟ್ಟಿಗೇ ತಂದು ನಿಲ್ಲಿಸುತ್ತದೆ.

ನಾಯಂಡಹಳ್ಳಿಯವಳಿಗೆ ಎಲ್ಲಿಯ ಹಡಗು ಎಂದು ನೀವು ಕೇಳುತ್ತೀರಿ. ನ್ಯಾಯವೇ. ಅದು ಅವಳು ಕೊಂಡ ಹಡಗಲ್ಲ, ಟಿಕೆಟ್ ಕೊಂಡು ಹತ್ತಿದ ಹಡಗು. ಆದರೂ ಅವಳ ಬಾಯಲ್ಲಿ ಅದು ಯಾವತ್ತೂ ‘ನಮ್ ಹಡ್ಗು’. ಅದರ ಉದ್ದನೆಯ ಇಂಗ್ಲಿಷ್ ಹೆಸರು ಅವಳ ನಾಲಿಗೆಗೆ ಹತ್ತಲೇ ಇಲ್ಲ.

ಪುಟ್ಟತ್ತೆ ಇಲ್ಲಿನ ಹಳೆಯ ಒಕ್ಕಲುಮನೆಗೆ ಸೊಸೆಯಾಗಿ ಬಂದವಳು. ಹೂಕೋಸು ಬೆಳೆಯುತ್ತಿದ್ದ ಹೊಲ ಅವಳ ಕಣ್ಣೆದುರೇ ಗೋಡೌನುಗಳಾಯಿತು. ಉಳಿದ ಮೂಲೆಯಲ್ಲಿ ಅವಳ ಗಂಡ, ನನ್ನ ಮಾವ, ಒಂದು ಸಣ್ಣ ಕಲ್ಯಾಣ ಮಂಟಪ ಕಟ್ಟಿಸಿದರು. ಮಾವ ತೀರಿಕೊಂಡ ಮೇಲೆ ಅದರ ಬೀಗದ ಕೈ ಗೊಂಚಲು ಅತ್ತೆಯ ಸೊಂಟಕ್ಕೆ ಬಂತು. ಯಾರ ಮನೆಯ ಮದುವೆಯೇ ಇರಲಿ, ಟ್ಯಾಂಕು ತುಂಬಿದೆಯೇ, ಜನರೇಟರು ಓಡುತ್ತದೆಯೇ ಎಂದು ಎಡತಾಕುವವಳು ಅವಳೇ. ನೋಡಿ ನೋಡಿ ನನಗೇ ಸುಸ್ತಾಗಿ, ಕಾಶಿಗಾದರೂ ಹೋಗಿ ಬರಲೆಂದು ಅವಳನ್ನು ವಿಜಯನಗರದ ಒಂದು ಟ್ರಾವೆಲ್ಸ್ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಹುಡುಗಿ ಗಂಗಾರತಿಯ ವಿವರ ಕೊಡುತ್ತಿದ್ದರೆ ಅತ್ತೆಯ ಕಣ್ಣು ಗೋಡೆಯ ಮೇಲಿದ್ದ ಬಿಳಿ ಹಡಗಿನ ಚಿತ್ರದಲ್ಲಿ ನೆಟ್ಟಿತ್ತು.

“ಇದು ಎಲ್ಲಿಗೋಗ್ತದವ್ವಾ?”

“ಅದು ಕ್ರೂಸ್ ಆಂಟಿ. ಕೊಚ್ಚಿಯಿಂದ ಕೊಲಂಬೊ, ಮಾಲೆ ಹೋಗಿ ವಾಪಸ್ ಬರುತ್ತೆ. ಆದ್ರೆ ಹಳೇ ಶಿಪ್ಪು, ಚಿಕ್ಕದು ಬೇರೆ. ದೊಡ್ಡ ಶಿಪ್ ಬರೋದಿದೆ, ಅದಕ್ಕೆ ಹೋಗಿ.”

“ಚಿಕ್ಕದಾದ್ರೆ ಒಳ್ಳೇದೇ ಆಯ್ತು. ತಪ್ಪಿಸ್ಕೊಳ್ಳಲ್ಲ.”

ಕಾಶಿ ಹಾಗೆ ಮುಂದಕ್ಕೆ ಹೋಯಿತು. ಇನ್ನೂ ಮುಂದೆಯೇ ಇದೆ.

ಜೊತೆಗೆ ಹೋದವಳು ನಾನು. ಡೆಕ್ಕಿನ ಮೇಲೆ ಕಾಲು ಚಾಚಿ ಕೂತು ಓದುವ ನನ್ನದೇ ಚಿತ್ರವನ್ನು ತಿಂಗಳುಗಟ್ಟಲೆ ಕಲ್ಪಿಸಿಕೊಂಡು ದಪ್ಪ ಪುಸ್ತಕವೊಂದನ್ನು ಹೊತ್ತಿದ್ದೆ. ಆ ಮೊದಲ ಪ್ರಯಾಣದಲ್ಲಿ ನಾನು ಹತ್ತಿರದಿಂದ ಕಂಡ ನೀರೆಂದರೆ ಬಾತ್‌ರೂಮಿನ ಬೇಸಿನ್ನಿನದು. ಕೆಂಗೇರಿ ಕೆರೆಗಿಂತ ದೊಡ್ಡ ನೀರನ್ನು ಅಷ್ಟಾಗಿ ಕಾಣದ ಅತ್ತೆ ಮಾತ್ರ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಅಲೆ ಎದ್ದಾಗ ಬಸ್ಸಿನಲ್ಲಿ ನಿಂತವಳಂತೆ ಕಂಬಿ ಹಿಡಿದು, ಆರಾಮಾಗಿ ಓಡಾಡಿಕೊಂಡಿದ್ದಳು.

ಆ ಹಡಗಿನ ಸುಖವನ್ನು ಹೇಗೆ ಹೇಳಲಿ. ಲಿಫ್ಟು ನರಳುತ್ತಿತ್ತು. ಕಿಟಕಿಗಳು ಗುಂಡಗೆ, ತಟ್ಟೆಯಷ್ಟಗಲ. ಓಣಿಗಳಲ್ಲಿ ಸದಾ ಎಲ್ಲೋ ಒಂದು ಕಡೆ ಬಣ್ಣ ಬಳಿಯುತ್ತಿದ್ದರು. ಅದೇ ನಾನು ಹೇಳಿದ ವಾಸನೆ. ಆದರೆ ಕೋಣೆಯ ಬಾಗಿಲು ತೆಗೆದು ಒಂದು ಮೆಟ್ಟಿಲಸಾಲು ಹತ್ತಿದರೆ ಸಮುದ್ರ. ಹಡಗಿನ ಸುತ್ತ ನಮ್ಮ ಕಡೆಯ ಜಗಲಿಯ ಹಾಗೆ ಮರದ ಹಾಸು. ಅಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ನೋಡಬೇಕಾದ ಮುಖವೆಲ್ಲ ನೋಡಿಯಾಗುತ್ತಿತ್ತು. ಗೋವೆಯ ಫ್ರಾನ್ಸಿಸ್ ಎಂಬಾತ ನಮ್ಮ ಮೇಜಿಗೆ ಬಡಿಸುತ್ತಿದ್ದ. ಎರಡನೆಯ ಸಲ ಹೋದಾಗ ಅವನು ಕೇಳದೆಯೇ ಅತ್ತೆಗೆ ಗಟ್ಟಿ ಕಾಫಿ ತಂದ. ಅದರ ಮುಂದಿನ ಸಲ ಅತ್ತೆ ರಾಗಿ ಹಿಟ್ಟು ಒಯ್ದು ಅಡುಗೆಮನೆಗೇ ನುಗ್ಗಿ, ಬಿಳಿ ಟೋಪಿಯ ಬಾಣಸಿಗನಿಗೆ ಮುದ್ದೆ ತೊಳಸುವುದನ್ನು ಕಲಿಸಿ ಬಂದಳು. ಆ ಮಧ್ಯಾಹ್ನ ಚೆನ್ನೈನ ಒಬ್ಬ ನಿವೃತ್ತ ಡಾಕ್ಟರು ಮುದ್ದೆಯನ್ನು ಚಾಕು ಫೋರ್ಕಿನಲ್ಲಿ ಕತ್ತರಿಸಿ ತಿನ್ನುವುದನ್ನು ಅತ್ತೆ ಅಪಾರ ಸಹನೆಯಿಂದ ನೋಡಿದಳು.

ಹೀಗೆ ಪ್ರತಿ ಚಳಿಗಾಲ ಹೋಗುತ್ತಿದ್ದೆವು. ಅದೇ ಮುಖಗಳು ಬರುತ್ತಿದ್ದವು. ಒಂದು ವರ್ಷ ಫ್ರಾನ್ಸಿಸ್ ಸಾರು ಬಡಿಸುತ್ತಾ ತಗ್ಗಿದ ದನಿಯಲ್ಲಿ, ಇದೇ ಕೊನೆಯ ಸೀಸನ್ನು, ಕಂಪನಿ ಹಡಗನ್ನು ಮಾರಿದೆ ಎಂದ. ಸುದ್ದಿ ಜಗಲಿ ಸುತ್ತಿ ಬರಲು ಎಷ್ಟು ಹೊತ್ತು. ಸಂಜೆ ಚಹಾದ ಹೊತ್ತಿಗೆ ಹಳಬರೆಲ್ಲ ಸೇರಿ ಹಡಗಿನ ಮ್ಯಾನೇಜರನ್ನು ಹಿಡಿದು ಕೂರಿಸಿದರು. ಅವರು ಮಂಗಳೂರು ಕಡೆಯ ರೈ. ಕನ್ನಡದವರೆಂದು ಮಾತಾಡುವ ಹೊಣೆ ಅತ್ತೆಯ ಮೇಲೆ ಬಿತ್ತು. ಉಳಿದವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು.

“ಯಾಕಪ್ಪಾ ಮಾರ್ತಿದ್ದೀರಿ? ರೂಮೆಲ್ಲ ತುಂಬ್ಕೊಂಡೇ ಇದಾವಲ್ಲ.”

“ತುಂಬುತ್ತದೆ ಅಮ್ಮ. ತುಂಬಿದರೂ ಸಾಲುವುದಿಲ್ಲ” ಎಂದರು ರೈ. “ಚಿಕ್ಕ ಹಡಗಿಗೂ ಒಬ್ಬ ಕ್ಯಾಪ್ಟನ್ ಬೇಕು, ದೊಡ್ಡದಕ್ಕೂ ಒಬ್ಬನೇ. ಇಂಜಿನಿಯರು, ಡಾಕ್ಟರು ಎಲ್ಲ ಹಾಗೇ. ಆ ಖರ್ಚನ್ನು ಅಲ್ಲಿ ಸಾವಿರಾರು ಜನ ಹಂಚಿಕೊಳ್ಳುತ್ತಾರೆ, ಇಲ್ಲಿ ಕೆಲವು ನೂರು ಜನ. ಇಂಜಿನ್ ಹಳತು, ಎಣ್ಣೆ ಕುಡಿಯುತ್ತದೆ. ಬಿಡಿಭಾಗ ಸಿಗುವುದಿಲ್ಲ. ಹೊಸದಾಗಿ ಬರುವವರು ಕೋಣೆಗೆ ಬಾಲ್ಕನಿ ಕೇಳುತ್ತಾರೆ. ಈ ಗೋಡೆ ಕೊರೆದು ಬಾಲ್ಕನಿ ಮಾಡಲಿಕ್ಕೆ ಆಗುತ್ತದಾ?”

“ಆದ್ರೂ ಗಟ್ಟಿಯಾಗೈತಲ್ಲ.”

“ಗಟ್ಟಿ ಇರುವಾಗಲೇ ಮಾರಬೇಕು ಅಮ್ಮ. ಈಗ ಕೊಟ್ಟರೆ ಇನ್ನೊಬ್ಬರು ಬಣ್ಣ ಹೊಡೆದು ಓಡಿಸುತ್ತಾರೆ. ಇನ್ನೂ ಕೆಲವು ವರ್ಷ ಬಿಟ್ಟರೆ ಗುಜರಿಯವರೇ ಬರುವುದು.”

ಗುಜರಿ ಎಂದರೇನೆಂದು ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳ ಮನೆಯ ಹಿಂದಿನ ಬೀದಿಯಲ್ಲಿ ಇರುವುದೆಲ್ಲ ಅವೇ ಅಂಗಡಿಗಳು.

ರೈ ಚಹಾದ ಲೋಟ ಕೆಳಗಿಟ್ಟರು. “ಬೇಜಾರು ಮಾಡಬೇಡಿ, ಇನ್ನೊಂದು ಮಾತು ಉಂಟು. ಕಂಪನಿಗೆ ಲಾಭ ಬರುವುದು ಟಿಕೆಟಿಗಿಂತ ಹೆಚ್ಚು ಬಾರಿನಿಂದ, ಅಂಗಡಿಯಿಂದ, ಜೂಜಿನ ಕೋಣೆಯಿಂದ. ನೀವು ಹಳಬರು ಅಲ್ಲಿಗೆ ತಲೆ ಹಾಕುವುದಿಲ್ಲ. ಹೊರಗೆ ಕೂತು ಮಾತಾಡಿ ಹೋಗುತ್ತೀರಿ.”

ಅತ್ತೆ ತನ್ನ ಮಡಿಲಲ್ಲಿದ್ದ ನಿಪ್ಪಟ್ಟಿನ ಡಬ್ಬಿಯನ್ನು ನೋಡಿಕೊಂಡಳು. ನಾವೆಲ್ಲ ಅದರಿಂದಲೇ ತಿನ್ನುತ್ತಿದ್ದೆವು. ರೈಗಳೂ.

“ಹಂಗಾದ್ರೆ ಹಡ್ಗು ಮುಳುಗ್ಸಿದ್ದು ನಾವೇ ಅನ್ನಿ” ಎಂದಳು.

ನಾನು ಅದನ್ನು ಇಂಗ್ಲಿಷಿಗೆ ತಂದೆ. ಡಾಕ್ಟರು ಮೊದಲು ನಕ್ಕರು, ಆಮೇಲೆ ಯಾರಿಗೂ ನಿಲ್ಲಿಸಲಾಗಲಿಲ್ಲ. ಆ ಸಂಜೆ ಹಳಬರೆಲ್ಲ ಪ್ರಾಯಶ್ಚಿತ್ತಕ್ಕೆಂಬಂತೆ ಅಂಗಡಿಗೆ ನುಗ್ಗಿದರು. ಡಾಕ್ಟರು ನಾವಿಕನ ಟೋಪಿ ಕೊಂಡರು. ಅತ್ತೆ, ಕಂಪನಿಗೆ ಒಂದಿಷ್ಟು ದುಡ್ಡು ಕಳೆದು ಬರೋಣವೆಂದು ಜೂಜಿನ ಕೋಣೆಗೆ ಹೋಗಿ, ಮಾವನ ನೆನಪಿನಲ್ಲಿ ಒಂದು ಯಂತ್ರದ ಹಿಡಿ ಎಳೆದಳು. ಕಳೆಯಲೆಂದು ಹೋದವಳು ಗೆದ್ದಳು. ಇನ್ನೊಮ್ಮೆ ಎಳೆದರೆ ಮತ್ತೆ ಗೆದ್ದಳು. “ಥೂ, ಇದು ಸೋಲೋಕೂ ಬಿಡಂಗಿಲ್ಲ” ಎಂದು ಅಷ್ಟನ್ನೂ ತಂದು ಅಡುಗೆಮನೆಯವರಿಗೆ ಹಂಚಿದಳು. ಬಂದರಿನಲ್ಲಿ ಇಳಿಯುವಾಗ ಫ್ರಾನ್ಸಿಸ್ ಅವಳ ಕಾಲಿಗೆರಗಿದ. ಅತ್ತೆ ಅತ್ತಳೇ ಎಂದರೆ, ಇಲ್ಲ. ನಾನು ಅತ್ತೆ.

ಊರಿಗೆ ಬರುವ ರೈಲಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಾ ಇದ್ದಕ್ಕಿದ್ದಂತೆ, “ನಮ್ ಮಂಟಪಾನೂ ಹಂಗೇ ಅಲ್ವೇನೇ” ಎಂದಳು. ಹಾಗೇ ಇತ್ತು. ಪಾರ್ಕಿಂಗ್ ಇಲ್ಲ, ಏಸಿ ಇಲ್ಲ. ಹಳೆಯ ಕುಟುಂಬಗಳು ಅದನ್ನು ಮನೆಯಂತೆ ಕಾಣುತ್ತಿದ್ದರೂ ಮದುವೆಯನ್ನು ಬೇರೆಡೆ ಮಾಡಿ, ನಾಮಕರಣಕ್ಕೆ ಮಾತ್ರ ಇಲ್ಲಿಗೆ ಬರುತ್ತಿದ್ದರು. ಅದು ಗೋಡೌನಾಗುವುದು ಬೇಡವೆಂದು ಅತ್ತೆ ಹಟ ಹಿಡಿದು ನಡೆಸುತ್ತಿದ್ದಳು. ಅಲ್ಲಿ ಅಡುಗೆ ಗುತ್ತಿಗೆ ಮಾಡುತ್ತಿದ್ದ ಸರೋಜ ಎಂಬಾಕೆ, “ನಂಗೆ ಕೊಡಿ ಅಮ್ಮ, ನಾನ್ ನಡೆಸ್ತೀನಿ” ಎಂದು ಕೇಳುತ್ತಲೇ ಇದ್ದಳು. ಅತ್ತೆ ಕಿವಿಗೆ ಹಾಕಿಕೊಂಡಿರಲಿಲ್ಲ.

ಮನೆಗೆ ಬಂದ ವಾರದಲ್ಲೇ ಸರೋಜಳನ್ನು ಕರೆಸಿ, ಮಂಟಪವನ್ನು ಅವಳಿಗೇ ಮಾರಲು ಒಪ್ಪಿಕೊಂಡಳು. ಕೀ ಗೊಂಚಲು ಕೊಡುವಾಗ ಯಾವ ಕೀ ಯಾವ ಬಾಗಿಲಿನದೆಂದು ಎರಡೆರಡು ಸಲ ಹೇಳಿದಳು. ಮಾವನ ಫೋಟೊ ಇಳಿಸಲು ಹೋದರೆ ಸರೋಜಳೇ ತಡೆದಳು: “ಅವ್ರು ಇಲ್ಲೇ ಇರ್ಲಿ ಅಮ್ಮ.” ನನಗೆ ಮಾತ್ರ ಬಹಳ ದಿನ ಮುನಿಸಿತ್ತು. ನನ್ನ ಮದುವೆ ಅಲ್ಲೇ ಆದದ್ದು. ಗೋಡೆಗೆ ಹೊಸ ಬಣ್ಣ ಬಿತ್ತು, ಹೆಸರು ಬದಲಾಯಿತು ಎಂದು ಕೇಳಿ ಆ ಕಡೆ ಹಾಯುವುದನ್ನೇ ಬಿಟ್ಟಿದ್ದೆ. ನಾನಿರುವ ಚಂದ್ರಾ ಲೇಔಟಿನಿಂದ ಎಷ್ಟು ದೂರ, ನೀವೇ ಹೇಳಿ.

ಇವತ್ತು ಹೋಗಲೇಬೇಕಾಯಿತು, ಸರೋಜಳ ಮೊಮ್ಮಗಳ ನಾಮಕರಣ. ಮಂಟಪದ ಬಾಗಿಲಲ್ಲೇ ನೂಕುನುಗ್ಗಲು. ಕುರ್ಚಿಗಳು ಹೊಸವು, ಗಲಾಟೆ ಹಳೆಯದೇ. ಮೊದಲ ಪಂಕ್ತಿಯ ನಡುವೆ ಅತ್ತೆ ರೇಷ್ಮೆ ಸೀರೆಯುಟ್ಟು ಎಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ನನಗೆಂದು ಕರ್ಚೀಫು ಹಾಕಿ ಜಾಗ ಹಿಡಿದಿದ್ದಳು.

“ಬಾ ಕೂತ್ಕೋ. ಇಷ್ಟ್ ವರ್ಷ ಓನರ್ ಆಗಿದ್ನಲ್ಲ, ಒಂದಿನಾನೂ ಇಲ್ಲಿ ಬಿಸಿ ಊಟ ಉಂಡಿರ್ಲಿಲ್ಲ ಕಣೇ. ಎಲ್ಲರ್ದೂ ಆದ್ಮೇಲೆ ನಂದು.”

ಒಳಗೆಲ್ಲೋ ನೀರಿನ ಮೋಟಾರು ಕೆಟ್ಟಿತೆಂದು ಯಾರೋ ಕೂಗಿದರು. ಅತ್ತೆ ತಲೆ ಎತ್ತಲಿಲ್ಲ. ಹೋಳಿಗೆಯ ಮೇಲೆ ತುಪ್ಪ ಹರಿಯುವವರೆಗೂ ಕಾದು, ಮುರಿದು ಬಾಯಿಗಿಟ್ಟುಕೊಂಡಳು. ನಾನೂ ಎಲೆಗೆ ನೀರು ಚಿಮುಕಿಸಿ, ಬಡಿಸುವವಳನ್ನು ಕೂಗಿ ಕರೆದೆ.