ಗೊತ್ತಿಲ್ಲ ಅನ್ನದ ಹೊನ್ನಪ್ಪ

ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ದಾರಿ ಕೇಳಿದರೆ ಯಾರೂ ಗೊತ್ತಿಲ್ಲ ಅನ್ನುವುದಿಲ್ಲ. ಗೊತ್ತಿದ್ದರೆ ಸರಿಯಾದ ದಾರಿ ತೋರಿಸುತ್ತಾರೆ, ಗೊತ್ತಿಲ್ಲದಿದ್ದರೆ ಯಾವುದೋ ಒಂದು ದಾರಿ ತೋರಿಸುತ್ತಾರೆ. ಕೇಳಿದವರನ್ನು ಸುಮ್ಮನೆ ಕಳಿಸುವುದು ಮರ್ಯಾದೆಯಲ್ಲ, ಅಷ್ಟೆ. ಈ ವಿಷಯದಲ್ಲಿ ಹೊನ್ನಪ್ಪ ಇಡೀ ಊರನ್ನೇ ಮೀರಿಸಿದವನು. ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಮಿಕ್ಕ ಹೊತ್ತಿನಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಓದುತ್ತಿದ್ದ. ಚಂದ್ರ ಎಷ್ಟು ದೂರ, ತಿಮಿಂಗಿಲ ಎಷ್ಟು ತೂಕ, ಏನು ಬೇಕಾದರೂ ಕೇಳಿ, ಉತ್ತರ ನಾಲಗೆ ತುದಿಯಲ್ಲೇ. ಅರ್ಧ ಸರಿ, ಅರ್ಧ ಬುರುಡೆ. ಯಾವುದು ಯಾವುದು ಅಂತ ಆ ಪುಣ್ಯಾತ್ಮನಿಗೂ ತಿಳಿಯುತ್ತಿರಲಿಲ್ಲ. ಜನಕ್ಕೆ ಅವನನ್ನು ಕಂಡರೆ ಪ್ರೀತಿ. ಅವನು ಕೂತ ಜಗಲಿಯಲ್ಲಿ ನಗುವಿಗೆ ಬರ ಇರಲಿಲ್ಲ.

ಹೆಂಡತಿ ಚಿಕ್ಕಬೋರಮ್ಮನಿಗೆ ಮಾತ್ರ ಆ ನಗು ಬರುತ್ತಿರಲಿಲ್ಲ. ಹೇಗೆ ಬಂದೀತು ಹೇಳಿ? ಅವರ ಮೊದಲ ಮಗು, ಗಂಡು, ಇನ್ನೂ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು, ಒಂದು ರಾತ್ರಿ ಜ್ವರ ಬಂದು ಹೋಗಿಬಿಟ್ಟಿತ್ತು. ಆ ರಾತ್ರಿಯೇ ಎತ್ತಿಕೊಂಡು ಓಡಿದರೂ ಮೈಸೂರಿನ ಡಾಕ್ಟರು ಕೂಡ ಏನೆಂದು ಹೇಳಲಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುವುದು ಒಂದೇ ಮಾತು, "ಏನಾಗಿತ್ತು?" ಮೊದಲು ಕೇಳಿದವನು ಹೊನ್ನಪ್ಪನ ದೊಡ್ಡಪ್ಪನ ಮಗ, ಬಿಂಡಿಗನವಿಲೆಯ ಮರಿಯಯ್ಯ. ಹೊನ್ನಪ್ಪ ಕಣ್ಣೊರೆಸಿಕೊಂಡು ಹೇಳಿದ, "ಮುಂಚಿನ ದಿನ ಇವ್ಳು ತಲೆಗೆ ನೀರು ಉಯ್ದಿದ್ಲು ಕಣಣ್ಣ. ಶೀತ ನೆತ್ತಿಗೇರ್ಬುಡ್ತು."

ಸಿಟ್ಟಿನಿಂದ ಹೇಳಿದ್ದಲ್ಲ. ಕೇಳಿದವನಿಗೆ ಏನಾದರೂ ಹೇಳಬೇಕಲ್ಲ, ಬಾಯಿಗೆ ಬಂದದ್ದು ಹೇಳಿದ. ಆದರೆ ಮರಿಯಯ್ಯನಿಗೆ ಒಂದು ಹೇಳಿ ಅವನ ಹಿಂದೆ ಬಂದವರಿಗೆ ಇನ್ನೊಂದು ಹೇಳಲಾದೀತೆ? ಬಂದ ನೆಂಟರಿಗೆಲ್ಲ ಅದನ್ನೇ ಒಪ್ಪಿಸಿದ. ಮೂರನೇ ದಿನ ಕೂಸನ್ನು ಹೂತ ಗುಂಡಿಯ ಮೇಲೆ ಹಾಲುತುಪ್ಪ ಬಿಡುವ ಹೊತ್ತಿಗೆ ಅದು ಊರಿಗೆಲ್ಲ ನಿಜವಾಗಿಹೋಗಿತ್ತು.

ಆಮೇಲೆ ಪವಿತ್ರ ಹುಟ್ಟಿದಳು. ಸ್ಕೂಲಿಗೆ ಹೋಗುವಷ್ಟಾದರೂ ಆ ಹುಡುಗಿಯ ತಲೆಗೆ ಹೆತ್ತ ತಾಯಿ ಒಂದು ಚೊಂಬು ನೀರು ಹುಯ್ದಿರಲಿಲ್ಲ. ಅತ್ತೆ ದೊಡ್ಡತಾಯಮ್ಮ ಬಿಡಬೇಕಲ್ಲ! "ನೀ ಅತ್ಲಾಗ್ ಓಗು, ನಾನ್ ಆಕ್ತೀನಿ" ಅನ್ನುವಳು. ಚಿಕ್ಕಬೋರಮ್ಮ ಸೌದೆ ಒಟ್ಟಿ ಹಂಡೆ ಕಾಯಿಸುವುದು, ಆಮೇಲೆ ಟವೆಲ್ಲು ಹಿಡಿದು ಬಚ್ಚಲ ಬಾಗಿಲ ಹೊರಗೆ ನಿಲ್ಲುವುದು. ಒಳಗೆ ಮಗಳು ಸೀಗೆಪುಡಿ ಕಣ್ಣಿಗೆ ಬಿತ್ತೆಂದು ಅಮ್ಮನನ್ನು ಕೂಗಿದರೂ ಹೊಸಿಲು ದಾಟುವಂತಿಲ್ಲ. ಗಂಡನನ್ನು ಎಷ್ಟೋ ಸಲ ಕೇಳಿದ್ದಳು, "ನಿಜ್ವಾಗ್ಲೂ ಮಗ ನನ್ನಿಂದ್ಲೇ ಓದ್ನಾ?" ಪ್ರತಿ ಸಲವೂ ಅವನದು ಹೊಸ ವಿವರಣೆ. ನೆತ್ತಿಯ ನರ, ಮಾಗಿಯ ಗಾಳಿ, ಯಾವುದೋ ಪೇಪರಿನಲ್ಲಿ ಬಂದಿತ್ತು ಅಂತ ಬೇರೆ. ಅವಳಿಗೆ ಬೇಕಾಗಿದ್ದದ್ದು ಗೊತ್ತಿಲ್ಲ ಅನ್ನುವ ಒಂದು ಮಾತು. ಅದೊಂದು ಬಿಟ್ಟು ಮಿಕ್ಕದ್ದೆಲ್ಲ ಅವನ ಹತ್ತಿರ ಇತ್ತು.

ಇಂಥವನ ಕೈಗೆ ಕ್ವಿಜ್ ಸಿಕ್ಕರೆ ಕೇಳಬೇಕೆ? ತೊಂಬತ್ತರ ದಶಕದ ನಡುವೆ ಪಾಂಡವಪುರದಲ್ಲಿ ಬಾರ್ ಇಟ್ಟಿದ್ದ ಶಿವಶಂಕರ್ ಬೆಂಗಳೂರಿಗೆ ಹೋದಾಗ, ಅಲ್ಲೊಂದು ಪಬ್ಬಿನಲ್ಲಿ ಜನ ಬಿಯರ್ ಕುಡಿಯುತ್ತ ಸಾಮಾನ್ಯಜ್ಞಾನದ ಪಂದ್ಯ ಆಡುವುದನ್ನು ನೋಡಿಬಂದ. ನಮಗೇನು ಕಮ್ಮಿ ಅಂತ ತನ್ನ ಬಾರಿನ ಮಹಡಿಯಲ್ಲೇ ಶುರು ಹಚ್ಚಿಕೊಂಡ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ತಾಲ್ಲೂಕಿಗೊಂದು ತಂಡ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ, ಮಹಡಿಯ ಮೇಲೆ ಪ್ರಶ್ನೆ, ಕೆಳಗೆ ಬಾಟ್ಲಿ. ಗಂಟೆಯ ಬದಲು ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಬಡಿಯಬೇಕು. ನಾಗಮಂಗಲದ ತಂಡ ಕಟ್ಟಿದವನು ಹೊನ್ನಪ್ಪ, ಹಾಗಾಗಿ ನಾಯಕನೂ ಅವನೇ. ಜೊತೆಗೆ ಹೈಸ್ಕೂಲಿನ ಶಿವಲಿಂಗಯ್ಯ ಮೇಷ್ಟ್ರು, ಅಕ್ಕಸಾಲಿ ಸುಬ್ರಹ್ಮಣ್ಯ. ಪ್ರಶ್ನೆ ಮುಗಿಯುವ ಮೊದಲೇ ಹೊನ್ನಪ್ಪನ ಲೋಟ ಟಣ್ ಅನ್ನುತ್ತಿತ್ತು. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಅಂದ, ಬೇಕಾದರೆ ಬರೆದುಕೊಡುತ್ತೇನೆ ಅಂತಲೂ ಅಂದ. ಶಿವಶಂಕರ್ ಉತ್ತರ ಕ್ಯಾನ್‌ಬೆರಾ ಅಂದಾಗ, "ಮೊನ್ನೆಮೊನ್ನೆ ಬದಲಾಯ್ಸಿರ್ಬೇಕು ಬುಡ್ರಿ" ಅಂದು ಕೂತ. ಮಹಡಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ಮೇಷ್ಟ್ರು ಮತ್ತು ಸುಬ್ರಹ್ಮಣ್ಯ ಗಳಿಸಿದ್ದು, ಹೊನ್ನಪ್ಪ ಕಳೆದದ್ದು, ಎಲ್ಲ ಸೇರಿ ಹೇಗೋ ತಂಡ ಫೈನಲ್ಲಿಗೆ ಬಂತು. ಎದುರಾಳಿ ಪಾಂಡವಪುರ, ಗೆದ್ದವರಿಗೆ ಬಹುಮಾನದ ಕಪ್ಪು. ಹಿಂದಿನ ದಿನ ಮೇಷ್ಟ್ರು ಮನೆಗೇ ಬಂದು ಪಡಸಾಲೆಯಲ್ಲಿ ಕೂತು ಅಂಗಲಾಚಿದರು.

"ನೋಡು ಹೊನ್ನಪ್ಪ, ಕೊನೇದು ನಾಯಕನ ಪ್ರಶ್ನೆ. ನೀನೊಬ್ಬನೇ ಎದ್ದು ನಿಂತು ಹೇಳ್ಬೇಕು. ಸರಿ ಹೇಳಿದ್ರೆ ಹತ್ತು ಬರ್ತದೆ, ತಪ್ಪು ಹೇಳಿದ್ರೆ ಹತ್ತು ಹೋಗ್ತದೆ. ಗೊತ್ತಿಲ್ಲ ಅಂದ್ರೆ ಏನೂ ಹೋಗಲ್ಲ. ನಿನ್ನ ದಮ್ಮಯ್ಯ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು."

"ಗೊತ್ತಿಲ್ದೆ ಇದ್ರೆ ತಾನೆ ಸಾ!" ಅಂದ ಹೊನ್ನಪ್ಪ.

ಕಾಫಿ ತಂದ ಚಿಕ್ಕಬೋರಮ್ಮ ಅಲ್ಲೇ ನಿಂತುಬಿಟ್ಟಳು. ಯಾವ ಮಾತಿಗಾಗಿ ತಾನು ವರ್ಷಗಟ್ಟಲೆ ಕಾದಿದ್ದಳೋ ಅದನ್ನೇ ಮೇಷ್ಟ್ರು ಒಂದು ಕಪ್ಪಿಗಾಗಿ ಬೇಡುತ್ತಿದ್ದರು. "ನಾಳಿಕೆ ನಾನೂ ಬತ್ತೀನಿ," ಅಂದಳು. ಬಾರಿಗೆ ಹೆಂಗಸು ಹೋಗುವುದೇ ಎಂದು ದೊಡ್ಡತಾಯಮ್ಮ ರಾದ್ಧಾಂತ ಮಾಡಿದಳು. ಚಿಕ್ಕಬೋರಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಬಾಯಲ್ಲಿ ಆ ಮಾತು ಹೊರಟರೆ ಕಿವಿಯಾರೆ ಕೇಳಬೇಕು, ಒಮ್ಮೆ ಹೊರಟರೆ ಮನೆಯಲ್ಲೂ ಹೊರಟೀತು ಅನ್ನುವ ಆಸೆ ಅವಳದು.

ಶಿವಶಂಕರನ ಹೆಂಡತಿ ಅವಳನ್ನು ಹಿಂದಿನ ಮೆಟ್ಟಿಲಿನಿಂದ ಕರೆದುಕೊಂಡು ಹೋಗಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿದಳು. ಪಂದ್ಯ ಹಗ್ಗಜಗ್ಗಾಟವಾಯಿತು. ಪಾಂಡವಪುರದ ನಾಯಕನ ಸರದಿಯೂ ಮುಗಿದಾಗ ನಾಗಮಂಗಲ ಐದೇ ಅಂಕ ಮುಂದಿತ್ತು. ಇನ್ನು ಉಳಿದದ್ದು ಹೊನ್ನಪ್ಪನ ಪ್ರಶ್ನೆ ಒಂದೇ. ಬಾಯಿ ಮುಚ್ಚಿಕೊಂಡಿದ್ದರೆ ಕಪ್ಪು ಇವರದು.

"ಜಿರಾಫೆಯ ಕತ್ತಿನಲ್ಲಿ ಎಷ್ಟು ಮೂಳೆ?" ಶಿವಶಂಕರ್ ಕೇಳಿದ.

ಅಯ್ಯೋ, ದನ ಸಾಕುವವನಿಗೆ ಇಂಥ ಪ್ರಶ್ನೆಯೇ ಬರಬೇಕೆ! ಹೊನ್ನಪ್ಪನ ಮುಖ ಅರಳಿತು. ಬೆರಳು ಮಡಿಚಿ ಎಣಿಸತೊಡಗಿದ. ಅಷ್ಟುದ್ದ ಕತ್ತು, ಇಪ್ಪತ್ತಾದರೂ ಬೇಡವೆ? ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಚಿಕ್ಕಬೋರಮ್ಮ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿದಳು. ಹೊನ್ನಪ್ಪ ಮೇಷ್ಟ್ರನ್ನು ನೋಡಿದ, ಮೇಜಿನ ಮೇಲಿನ ಕಪ್ಪನ್ನು ನೋಡಿದ. ಆಮೇಲೆ ಹಲ್ಲು ಕಿರಿದು ಎರಡೂ ಕೈ ಎತ್ತಿ, "ಗೊತ್ತಿಲ್ಲ ಕಣ್ರಪ್ಪಾ!" ಅಂದುಬಿಟ್ಟ.

ಉತ್ತರ ಏಳು ಎಂದು ಶಿವಶಂಕರ್ ಓದಿದ್ದು ಯಾರ ಕಿವಿಗೂ ಬೀಳಲಿಲ್ಲ. ಶಿಳ್ಳೆ, ಚಪ್ಪಾಳೆ, ಲೋಟಗಳ ಸದ್ದು. ಸುಬ್ರಹ್ಮಣ್ಯ ನಾಯಕನನ್ನು ಎತ್ತಿಕೊಂಡು ಕುಣಿದ. ಪಾಂಡವಪುರದವರೂ ಬಂದು, "ಬುದ್ಧಿ ಬಂದ್ಬುಡ್ತು ಕಣ್ಲಾ ಇವ್ನಿಗೆ!" ಎಂದು ಬೆನ್ನು ತಟ್ಟಿದರು. ಚಿಕ್ಕಬೋರಮ್ಮ ಆ ಮಾತು ಕೇಳಿದಳು. ಕೇಳಿ ಸಂತೋಷವಾಗಬೇಕಿತ್ತು. ಬದಲು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟಳು. ಇಷ್ಟು ಸಲೀಸೇ? ಹಲ್ಲು ಕಿರಿಯುತ್ತ ಹೇಳುವಂಥ ಮಾತೇ ಅದು?

ಬಸ್‌ಸ್ಟ್ಯಾಂಡಿನವರೆಗೂ ಅವಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಹೊನ್ನಪ್ಪ ಕಪ್ಪನ್ನು ತೋಳಲ್ಲಿ ಅವುಚಿಕೊಂಡು ಸಿಕ್ಕಸಿಕ್ಕವರಿಗೆಲ್ಲ ಕತೆ ಹೇಳುತ್ತಿದ್ದ. ಕೊನೆಗೆ ಕಲ್ಲುಬೆಂಚಿನ ಮೇಲೆ ಕೂತು, "ಎಂಗಿತ್ತು ಕಣಮ್ಮಿ?" ಅಂದ.

"ಒಂದು ಲೋಟದಂತಾ ಕಪ್ಪಿಗೆ ಬಾಯಿ ಬಂತು ನಿಮ್ಗೆ. ನನ್ ಮಗೀಗೆ ಬರ್ನಿಲ್ಲ."

ಅವನಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಮರಿಯಯ್ಯ ಭಾವ ಕೇಳಿದಾಗ ಇಂಗೇ ಕೈ ಎತ್ತಿದ್ರೆ ನಿಮ್ ಗಂಟೇನ್ ಓಗ್ತಿತ್ತು? ನನ್ ಮಗ್ಳು ತಲೆ ಮುಟ್ಟಂಗಿಲ್ಲ ನಾನು. ಕೊಂದೋಳು ಅಂತ ನೋಡ್ತದೆ ಊರು. ಈಗ ನಾನ್ ಕೇಳ್ತೀನಿ, ಎದ್ದು ನಿಂತ್ಕೊಂಡು ಏಳಿ. ನನ್ ಕೂಸು ಯಾಕೆ ಓಯ್ತು?"

ಅಕ್ಕಪಕ್ಕದವರು ತಿರುಗಿ ನೋಡಿದರು. ಹೊನ್ನಪ್ಪ ನಿಜಕ್ಕೂ ಎದ್ದು ನಿಂತ. ಅಷ್ಟು ವರ್ಷದ ನರ, ಗಾಳಿ, ಪೇಪರು ಒಂದೂ ಬಾಯಿಗೆ ಬರಲಿಲ್ಲ. ಮಹಡಿಯಲ್ಲಿ ನಗುನಗುತ್ತ ಬಂದ ಮಾತು ಇಲ್ಲಿ ಅಷ್ಟು ಸಲೀಸಾಗಿ ಬರಲಿಲ್ಲ. ನಾಗಮಂಗಲದ ಬಸ್ಸು ಬಂತು, ಜನ ಹತ್ತಿದರು, ಬಸ್ಸು ಹೋಯಿತು. ಇಬ್ಬರೂ ಹತ್ತಲಿಲ್ಲ.

"ಗೊತ್ತಿಲ್ಲ ಕಣಮ್ಮಿ," ಅಂದ ಕೊನೆಗೆ. "ಅವತ್ತೂ ಗೊತ್ತಿರ್ನಿಲ್ಲ. ಮಗ ಸತ್ತವ್ನೆ, ಯಾಕೆ ಅಂತ ಅಪ್ಪಂಗೇ ಗೊತ್ತಿಲ್ಲ ಅಂದ್ರೆ ಎಂಗೆ ಅಂತ... ಸುಳ್ಳು ಏಳ್ಬುಟ್ಟೆ. ನೀನೇನೂ ಮಾಡಿರ್ನಿಲ್ಲ."

ಅವಳು ಅತ್ತಳು. ಕಲ್ಲುಬೆಂಚಿನ ಮೇಲೆ ಜನರ ನಡುವೆಯೇ ಗಟ್ಟಿಯಾಗಿ ಅತ್ತಳು. ಅವನು ಪಕ್ಕದಲ್ಲಿ ಕೂತುಕೊಂಡ. ಹೊನ್ನಪ್ಪ ಏನೂ ಹೇಳದೆ ಕೂತದ್ದನ್ನು ಅವಳು ಅದೇ ಮೊದಲು ನೋಡಿದ್ದು.

ಮಾರನೇ ಬೆಳಿಗ್ಗೆ ಹಂಡೆ ಕಾದಿತ್ತು. ದೊಡ್ಡತಾಯಮ್ಮ ಮೊಮ್ಮಗಳ ಜಡೆ ಬಿಚ್ಚುತ್ತ ಬಚ್ಚಲಿಗೆ ಹೊರಟಿದ್ದಳು. ಹಾಲಿನ ಕ್ಯಾನು ಕೆಳಗಿಟ್ಟು ಹೊನ್ನಪ್ಪ ಅಡ್ಡ ಬಂದ.

"ಅವ್ವ, ನೀ ಬುಡು. ಅವ್ಳೇ ಉಯ್ಲಿ."

"ಯಾಕ್ಲಾ? ತಿರ್ಗಾ ಏನಾರ ಆದ್ರೆ?"

"ಅವತ್ತು ನೀರಿಂದ ಏನೂ ಆಗಿರ್ನಿಲ್ಲ. ಏನಾಯ್ತು ಅಂತ ಗೊತ್ತಿಲ್ದೆ ಅಂಗಂದಿದ್ದೆ. ಮರಿಯಯ್ಯಣ್ಣಂಗೂ ಓಗಿ ಏಳ್ತೀನಿ, ಕೇಳಿದೋರ್ಗೆಲ್ಲ ಏಳ್ತೀನಿ."

ಮುದುಕಿ ಮಗನ ಮುಖವನ್ನೇ ನೋಡಿದಳು. ಆಮೇಲೆ ಮೊಮ್ಮಗಳ ಜಡೆಯಿಂದ ಕೈ ತೆಗೆದಳು. ಚಿಕ್ಕಬೋರಮ್ಮ ಬಚ್ಚಲ ಹೊಸಿಲು ದಾಟಿದಳು. ಬಿಸಿನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದಳು, ಮತ್ತೆ ಬೆರೆಸಿದಳು, ಮತ್ತೆ ನೋಡಿದಳು.

"ಅಮ್ಮ, ಬೇಗ ಉಯ್ಯಮ್ಮ, ಚಳಿ ಆಯ್ತದೆ," ಅಂದಳು ಪವಿತ್ರ.